ಧಣಿಗಳ ಎದೆಯಳತೆ

ಲೈಫ್ ಜಾಕೆಟ್ ಕಾರ್ಖಾನೆಯ ಧಣಿಗಳಿಗೆ,

ಮೂರನೇ ಹೊಲಿಗೆ ಯಂತ್ರದ ಮುದುಕಿಯ ನಮಸ್ಕಾರ. ನಾಲ್ಕನೇ ಕ್ಲಾಸಿನವರೆಗೆ ಓದಿದವಳ ಅಕ್ಷರ, ಕನ್ನಡಕ ಹಾಕಿಕೊಂಡು ಓದಿ.

ಯುದ್ಧದಲ್ಲಿ ಮುಳುಗಿದ ಹಡಗಿನವರ ಹೆಸರು ಕೆತ್ತಿದ ಕಲ್ಲಿಗೆ ಹೊದಿಸಿದ ಪರದೆಯನ್ನು ಭಾನುವಾರ ಬಂದರಿನಲ್ಲಿ ನೀವೇ ಸರಿಸುತ್ತೀರಂತೆ. ಆ ಕಲ್ಲಿನಲ್ಲಿ ಏಳನೇ ಹೆಸರು ನನ್ನ ಮೊಮ್ಮಗನದು. ಕ್ಷೌರದ ಅಂಗಡಿ ಇಟ್ಟುಕೊಂಡಿದ್ದ. ನೌಕಾಪಡೆಯ ಮೀಸಲು ಪಟ್ಟಿಯವರಿಗೆ ಕರೆ ಬಂದಾಗ ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಹೊರಟ. "ಅಜ್ಜೀ, ನೀನು ಹೊಲಿದ ಜಾಕೆಟ್ಟೇ ಹಾಕ್ಕೋತೀನಿ, ಸಮುದ್ರ ನನ್ನೇನು ಮಾಡುತ್ತೆ?" ಅಂದ.

ಆ ಹಡಗಿನಿಂದ ಬದುಕಿ ಬಂದ ಅಡುಗೆಯವನು ಎಲ್ಲ ಹೇಳಿದ. ಹುಡುಗ ಕಾಲು ಗಂಟೆ ತೇಲಿದನಂತೆ. ಆಮೇಲೆ ಜಾಕೆಟ್ಟೇ ನೀರು ಕುಡಿದು ಅವನನ್ನು ಕೆಳಗೆಳೆಯಿತಂತೆ.

ಬೆಂಡು ತುಂಬಬೇಕಾದಲ್ಲಿ ನೀವು ಹಳೇ ಚಿಂದಿ ತುಂಬಿಸಿದಿರಿ. ನಾನು ಕೇಳಿದ್ದಕ್ಕೆ, "ನಿನ್ನ ಕೆಲಸ ಹೊಲಿಯೋದು, ಮುದುಕಿ. ಬಾಯೂ ಹೊಲ್ಕೊಂಡಿರು" ಅಂದಿರಿ. ಹೊಲಿದುಕೊಂಡೆ. ಆ ಪಾಪ ನನ್ನದು, ಅದನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ.

ಆದರೆ ಅದೇ ಚಿಂದಿಯ ಒಂದು ಮೂಟೆ ನನ್ನ ಮಂಚದ ಕೆಳಗಿದೆ. ಅದನ್ನೇ ತುಂಬಿ ನಿಮಗೊಂದು ಜಾಕೆಟ್ ಹೊಲಿಯುತ್ತಿದ್ದೇನೆ. ಭಾನುವಾರ ಆ ಕಲ್ಲಿನಲ್ಲಿ ಹೆಸರಿರುವ ಬೇರೆ ಹುಡುಗರ ತಾಯಂದಿರನ್ನೂ ಕರೆದುಕೊಂಡು ಬರುತ್ತೇನೆ. ಪರದೆ ಸರಿಸುವ ಮೊದಲು ಅದನ್ನು ತೊಟ್ಟು, ಬಂದರಿನ ಮೆಟ್ಟಿಲಿಳಿದು, ಅರ್ಧ ಗಂಟೆ ನೀರಿನಲ್ಲಿರಿ. ತೇಲಿದರೆ ನಿಮ್ಮ ಕಾಲು ಹಿಡಿಯುತ್ತೇನೆ. ಆಗಲ್ಲ ಅಂದರೆ, ಯಾಕೆ ಆಗಲ್ಲ ಎಂದು ಆ ತಾಯಂದಿರಿಗೆ ನೀವೇ ಬಿಡಿಸಿ ಹೇಳಿ.

ಕುತ್ತಿಗೆ, ಬೆನ್ನು ಅಂದಾಜಿನಲ್ಲಿ ಕತ್ತರಿಸಿದ್ದೇನೆ. ಎದೆಯ ಅಳತೆ ಮಾತ್ರ ಗುರುವಾರದೊಳಗೆ ಕಳಿಸಿ. ನನ್ನ ಹುಡುಗನದು ಮೂವತ್ತಾರು ಇಂಚಿತ್ತು.

ಇಂತಿ,
ಇನ್ನೂ ಕೈ ನಡುಗದ
ಮೂರನೇ ಯಂತ್ರದ ಮುದುಕಿ