ಜಲಜಕ್ಕನ ದೋಣಿ ಊಟ

ಬ್ರಹ್ಮಾವರ
೧೧ ಮಾರ್ಚ್ ೨೦೨೫

ಪ್ರಿಯ ಚಂದಯ್ಯ,

ಜಲಜಕ್ಕನ ಹೋಟೆಲಿನ ದೋಣಿ ಊಟ ನಿಂತುಹೋದದ್ದು ನನ್ನಿಂದ. ಕಳೆದ ಡಿಸೆಂಬರಿನ ಮೊದಲ ವಾರ ನಾನು ಮಾಡಿದ ಕೆಲಸ ಅದು. ಕ್ಷೇಮ ಸಮಾಚಾರ ಕೇಳುವ ಮೊದಲೇ ಬರೆದುಬಿಟ್ಟೆ. ಇಲ್ಲದಿದ್ದರೆ ಈ ಕಾಗದವನ್ನೂ ಹಿಂದಿನ ಮೂರರಂತೆ ಅರ್ಧಕ್ಕೇ ಹರಿದುಹಾಕುತ್ತಿದ್ದೆ. ನಿನ್ನ ಮೊಣಕಾಲು ನೋವು ಹೇಗಿದೆ? ನಾನು ಮೂರು ವಾರದಿಂದ ಮಗಳು ಅಕ್ಷಯಾಳ ಮನೆಯಲ್ಲಿದ್ದೇನೆ. ನೀನು ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಕ್ಷಮಿಸು.

ನವೆಂಬರಿನ ಕೊನೆಗೆ ಬೈಂದೂರು ರೈಲು ಸ್ಟೇಷನ್ನಿನಲ್ಲಿ ಹುಬ್ಬಳ್ಳಿಯ ಒಂದು ಸಂಸಾರದ ಹತ್ತಿರ ಕಾರಿನವನೊಬ್ಬ ನಮ್ಮ ತ್ರಾಸಿ ಬೀಚಿಗೆ ಎರಡು ಸಾವಿರ ಬಾಡಿಗೆ ಕೇಳಿದ. ನನಗೆ ಮೈ ಉರಿಯಿತು. ಕೊನೆಯ ಬಸ್ಸು ತಪ್ಪಿಸಿಕೊಂಡ ಪರವೂರಿನವರನ್ನು ಜಗಲಿಯಲ್ಲಿ ಮಲಗಿಸಿ, ಚಾ ಕೊಟ್ಟು ಕಳಿಸುತ್ತಿದ್ದ ಊರು ನಮ್ಮದು, ನಾನು ಮರೆತಿಲ್ಲ. ಅದಾದ ವಾರದಲ್ಲೇ ಫೋನಿನ ಒಂದು ಪ್ರವಾಸಿ ಗುಂಪಿಗೆ ‘ಊರಿನವ’ ಎಂಬ ಹೆಸರಿನಲ್ಲಿ ಖರ್ಚು ಉಳಿಸುವ ಹನ್ನೆರಡು ಉಪಾಯ ಕಳಿಸಿದೆ. ರೈಲಿಳಿದು ಹೆದ್ದಾರಿಗೆ ಬಂದು ಲೋಕಲ್ ಬಸ್ಸು ಹಿಡಿಯಿರಿ, ಅಂಜಲ್ ಮೀನಿನ ಫ್ರೈ ಹೇಳುವ ಮೊದಲು ದರ ಕೇಳಿ, ಬಾಡಿಗೆ ಏರುವ ರಜೆಯ ದಿನ ಕುಂಭಾಶಿ ದೇವಸ್ಥಾನಕ್ಕೆ ಹೋಗಬೇಡಿ, ಹೀಗೆ. ಹನ್ನೊಂದಕ್ಕೇ ನಿಲ್ಲಿಸಬೇಕಿತ್ತು. ಹನ್ನೆರಡನೆಯದು ಇದು: ‘ತ್ರಾಸಿಯ ಜಲಜಕ್ಕನ ಹೋಟೆಲಿನಲ್ಲಿ ದೋಣಿ ಊಟ ಕೇಳಿ. ಮೂವತ್ತೇ ರೂಪಾಯಿ. ಮೊದಲು ಇಲ್ಲ ಅನ್ನುತ್ತಾರೆ, ಬಿಡದೆ ಕೇಳಿ.’

ಅದು ದೋಣಿಯವರಿಗೆಂದೇ ಮಾಡುವ ಊಟ, ಅಗ್ಗದ ಊಟವಲ್ಲ ಎಂದು ನನಗೆ ಗೊತ್ತಿತ್ತು. ದೋಣಿಯಿಂದ ಇಳಿದವರು ಮೊದಲು ಅವಳ ಪಾತ್ರೆಗೆ ಒಂದು ಬೊಗಸೆ ಬಂಗುಡೆ ಮೀನು ಹಾಕಿ ಆಮೇಲೆ ಮಿಕ್ಕದ್ದನ್ನು ಏಲಮಿಗೆ ಒಯ್ಯುತ್ತಿದ್ದರು. ಬಲೆ ಬರಿದಾದ ದಿನ ದುಡ್ಡು ಕೊಡದೆ ಉಂಡು ಏಳುತ್ತಿದ್ದರು. ಅವಳ ಅತ್ತೆಯ ಕಾಲದಿಂದ ನಡೆದುಬಂದ ಈ ಕೊಡುಕೊಳ್ಳುವಿಕೆಯನ್ನು ನಾನು ಬರೀ ಮೂವತ್ತು ರೂಪಾಯಿ ಎಂದು ಬರೆದೆ. ಪರವೂರಿನವರು ನನ್ನನ್ನು ತಿಳಿದವ ಅನ್ನಲಿ ಎಂದು.

ಜನವರಿಯಲ್ಲಿ ನಾನು ಅಲ್ಲೇ ಉಣ್ಣುತ್ತಿದ್ದಾಗ ನಾಲ್ವರು ಪ್ರವಾಸಿಗರು ಫೋನ್ ಹಿಡಿದು ಬಂದರು.

“ಅದ್ ದೋಣಿಯರಿಗ್ ಮಾಡದ್ದ್ ಮಕ್ಳೇ, ನಿಮ್ಗ್ ಬೇರೆ ಊಟ ಇತ್ತ್,” ಎಂದಳು ಜಲಜಕ್ಕ.

“ನೀವು ಇಲ್ಲ ಅಂತೀರ ಅಂತಾನೂ ಇಲ್ಲಿ ಬರೆದಿದೆ ಆಂಟಿ!”

ಊಟಕ್ಕೆ ಕುಳಿತವರನ್ನು ಎಬ್ಬಿಸಿ ಅವಳಿಗೆ ಗೊತ್ತಿಲ್ಲ. ಬಡಿಸಿದಳು. ಒಂದು ಗಂಟೆಗೆ ಬಂದ ನಿನ್ನ ದೋಣಿಯಲ್ಲಿ ದುಡಿಯುವ ಗುಡ್ಡ ಪಾತ್ರೆಯೊಳಗೆ ಇಣುಕಿ, “ಎಂತ ಜಲಜಕ್ಕ, ನಮ್ ಬಂಗ್ಡಿ ನಮ್ಗೇ ಇಲ್ಯಾ?” ಎಂದ.

“ನಾಳಿಂದ ನೀವೂ ಫೋನ್ ಹಿಡ್ಕಂಡ್ ಬನ್ನಿ ಮಾರಾಯ್ರೇ,” ಎಂದು ಅವಳು ನಗಿಸಲು ನೋಡಿದಳು. ನಾನು ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತ ಕುಳಿತೆ.

ಆ ರಾತ್ರಿಯೇ ಆ ಸಾಲನ್ನು ಅಳಿಸಿದೆ. ಅಷ್ಟರಲ್ಲಿ ಯಾರು ಯಾರೋ ಅದನ್ನು ಎಲ್ಲೆಲ್ಲಿಗೋ ಕಳಿಸಿಯಾಗಿತ್ತು. ಫೆಬ್ರವರಿಯಲ್ಲಿ ಅವಳು ಎಲ್ಲರಿಗೂ ನೂರಿಪ್ಪತ್ತು ಎಂದು ಬೋರ್ಡು ಹಾಕಿದಳು. ದೋಣಿಯವರು ಬೊಗಸೆ ಮೀನು ಕೊಡುವುದನ್ನು ಬಿಟ್ಟರು.

ಆಮೇಲಿನದು ನಿನಗೇ ಗೊತ್ತು. ಮೀನುಗಾರರ ಸಂಘದ ಅಧ್ಯಕ್ಷನಾಗಿ ನೀನು ಸಭೆಯಲ್ಲಿ ರಿಕ್ಷಾದ ರತೀಶನನ್ನು ನಿಲ್ಲಿಸಿ, “ಬೀಚಿಂದ ಜನ ಕರ್ಕಂಡ್ ಬಪ್ಪುದ್ ನೀನೇ, ಕಮಿಷನ್ನಿಗೆ ದೋಣಿ ಊಟದ್ ಸುದ್ದಿ ಬಾಯಿ ಬಿಟ್ಟದ್ದೂ ನೀನೇ ಅಲ್ದಾ?” ಎಂದೆ.

“ನಾನಲ್ಲ ಚಂದಯ್ಯಣ್ಣ.”

“ಹಂಗಾರೆ ಯಾರ್, ಹೇಳ್ ಕಾಂಬೊ!”

ಊರಿನವರು ಯಾರೂ ಅವನ ರಿಕ್ಷಾ ಹತ್ತಬಾರದು ಎಂದು ತೀರ್ಮಾನವಾಯಿತು. ಅದಕ್ಕೆ ಕೈ ಎತ್ತಿದವರಲ್ಲಿ ನಾನೂ ಇದ್ದೆ. ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಇಲ್ಲಿಗೆ ಬಂದೆ.

ನಿನ್ನ ಮನೆಯವರೆಲ್ಲ ನೆಮ್ಮದಿಯಿಂದಿರಲಿ. ಕಡಲಿಗೆ ಹೋದವರು ತುಂಬಿದ ಬಲೆಯೊಂದಿಗೆ ಬರಲಿ.

ನಿನ್ನ,
ನಾಗ

ಹೆಸರು ಹಾಕಿದ ಮೇಲೂ ಒಂದು ಮಾತು ಉಳಿದಿದೆ. ರತೀಶನಿಗೆ ಎಲ್ಲ ಗೊತ್ತಿತ್ತು. ನನ್ನ ಫೋನಿನಲ್ಲಿ ಆ ಹನ್ನೆರಡನ್ನೂ ಟೈಪು ಮಾಡಿಕೊಟ್ಟವನೇ ಅವನು. ಕೊನೆಯದಕ್ಕೆ ಬಂದಾಗ “ಇದ್ ಬ್ಯಾಡ ಮಾಷ್ಟ್ರೇ” ಎಂದಿದ್ದ. ಪೋಸ್ಟ್ ಮಾಸ್ತರಿಕೆ ಮುಗಿದು ಎಂಟು ವರ್ಷವಾದರೂ ನನ್ನ ದರ್ಪ ಇಳಿದಿಲ್ಲ. “ನೀನ್ ಬರಿ” ಎಂದೆ. ಸಭೆಯಲ್ಲಿ ಅವನು ನನ್ನನ್ನು ಒಮ್ಮೆ ನೋಡಿ ಬಾಯಿ ಮುಚ್ಚಿಕೊಂಡ. ನನ್ನ ಕೈ ಮೇಲೆದ್ದದ್ದನ್ನೂ ನೋಡಿದ. ಎರಡು ಮಕ್ಕಳ ತಂದೆ ಅವನು.

ಈ ಕಾಗದವನ್ನು ಮಡಚಿಟ್ಟು ನನ್ನ ಮರ್ಯಾದೆ ಕಾಯಬೇಡ. ಆದಿತ್ಯವಾರದ ಸಭೆಗೆ ಬರುತ್ತೇನೆ. ಅವನನ್ನು ನಿಲ್ಲಿಸಿದ ಜಾಗದಲ್ಲೇ ನನ್ನನ್ನು ನಿಲ್ಲಿಸು. ರತೀಶನ ಎದುರು, ಜಲಜಕ್ಕನ ಎದುರು ಕೇಳು, ಹೇಳುತ್ತೇನೆ. ನನ್ನದು ಮುಗಿದ ಮೇಲೆ ನೀನೂ ಎದ್ದು ನಿಂತು, ಮೈಕಿನಲ್ಲೇ ಹೇಳಬೇಕು ಚಂದಯ್ಯ: ಒಂದು ಸಾಕ್ಷಿಯೂ ಇಲ್ಲದೆ ಅವನ ಅನ್ನ ಕಿತ್ತುಕೊಳ್ಳಲು ನಮಗೆ ಅಧಿಕಾರ ಕೊಟ್ಟವರು ಯಾರು?