ಬಿಚ್ಚಲೆಂದು ಹಾಕಿದ ಹೊಲಿಗೆ

ಅಂಗಡಿಯ ಮೇಲಿನ ಮನೆ,
ಹದಿನೇಳನೇ ತಾರೀಖು, ಶನಿವಾರ ಮಧ್ಯಾಹ್ನ

ನನ್ನ ಚೂಟಿ ಮಗಳೇ,

ಹೇಗಿದ್ದೀಯ? ಹೊಟ್ಟೆ ತುಂಬ ಊಟ ಮಾಡುತ್ತಿದ್ದೀಯೋ, ಇಲ್ಲಿದ್ದಾಗಿನಂತೆ ತಟ್ಟೆಯಲ್ಲಿ ಬೆರಳಾಡಿಸಿ ಎದ್ದುಬಿಡುತ್ತಿದ್ದೀಯೋ? ನಿನ್ನ ಅಮ್ಮನ ಮಂಡಿನೋವು ಈಗ ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ನಾನು ಹೇಳಿದ್ದೇನೆಂದು ಹೇಳು. ನಿನ್ನ ಮಾತಿಗೆ ಅವರು ಕಿವಿ ಕೊಡುವುದಿಲ್ಲ, ನನ್ನದಾದರೆ ಬೀಗಿತ್ತಿ ಬೈದಾಳೆಂದಾದರೂ ಕೇಳುತ್ತಾರೆ. ನಿನಗೆ ಬೆನ್ನು ಹಿಡಿಯುತ್ತಿತ್ತಲ್ಲ, ಹೊಲಿಗೆ ಯಂತ್ರದ ಮುಂದೆ ಕೂರದೆ ಈಗ ಸ್ವಲ್ಪ ಸಡಿಲವಾಗಿರಬೇಕು. ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಎಂದರೆ, ಒಂದು ಹಲ್ಲಿನಷ್ಟು ಕಡಿಮೆ ಚೆನ್ನಾಗಿದ್ದೇನೆ. ಓದುತ್ತ ಓದುತ್ತ ಎದ್ದು ನಿಲ್ಲಬೇಡ, ಕೂತುಕೋ. ಗಾಬರಿಯಾಗುವಂಥದ್ದು ಏನೂ ಇಲ್ಲ, ಎಲ್ಲ ಮುಗಿದ ಮೇಲೆಯೇ ಬರೆಯುತ್ತಿದ್ದೇನೆ.

ಹೋದದ್ದು ಯಾವ ಹಲ್ಲು ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಸಾಲಿನದು, ನಾನು ದಾರ ಕಡಿಯುತ್ತಿದ್ದ ಹಲ್ಲು. ನೀನು ಈ ಮನೆಗೆ ಬಂದ ಹೊಸದರಲ್ಲಿ, ಮಗ್ಗುಲಲ್ಲೇ ಕತ್ತರಿ ಇಟ್ಟುಕೊಂಡು ನಾನು ದಾರವನ್ನು ಹಲ್ಲಿಗೆ ಕೊಡುವುದನ್ನು ನೋಡಿ, “ಅತ್ತೆ, ಪಾಪ ಕತ್ತರಿಗೆ ಬೇಜಾರಾಗಲ್ವಾ?” ಎಂದು ಕೇಳಿದ್ದೆ. ವರ್ಷ ತುಂಬುವಷ್ಟರಲ್ಲಿ ನೀನೂ ಹಾಗೆಯೇ ಕಡಿಯುತ್ತಿದ್ದೆ. ನನ್ನ ಮಗನಂತೂ ಹಾಲುಹಲ್ಲಿನಲ್ಲೇ ಕಲಿತವನು. ನಾವು ಮೂವರೂ ಮೂರು ಯಂತ್ರಗಳ ಮುಂದೆ ತಲೆ ಬಗ್ಗಿಸಿ ದಾರ ಕಡಿಯುತ್ತಿದ್ದರೆ ಪಕ್ಕದ ಅಂಗಡಿಯ ಗಡಿಯಾರದವನು ಬಾಗಿಲಲ್ಲಿ ನಿಂತು, “ಏನಮ್ಮಾ, ಇದು ಟೈಲರ್ ಅಂಗಡಿಯೋ, ಇಲಿ ಬಿಲವೋ?” ಎನ್ನುತ್ತಿದ್ದ. ನಿನ್ನ ಗಂಡ ತಲೆಯೆತ್ತದೆಯೇ, “ನಿಮ್ಮ ಕೋಟು ತಂದ್ಕೊಡಿ, ಆಮೇಲೆ ಗೊತ್ತಾಗುತ್ತೆ” ಎನ್ನುತ್ತಿದ್ದ. ಅವನು ಹೋದ ಮೇಲೆ ಗಡಿಯಾರದವನು ಆ ತಮಾಷೆಯನ್ನೇ ಬಿಟ್ಟ. ಜ್ವರ ಎಂದು ಆಸ್ಪತ್ರೆಗೆ ತನ್ನ ಕಾಲಲ್ಲೇ ನಡೆದು ಹೋದವನು ನಡೆದು ಬರಲಿಲ್ಲ. ಅವನ ಯಂತ್ರದ ಮೇಲೆ ಅಂದು ಹೊದಿಸಿದ ಬಟ್ಟೆ ಇನ್ನೂ ಹಾಗೆಯೇ ಇದೆ. ತನಗೆಂದು ತಾನೇ ಕತ್ತರಿಸಿ, ಕಚ್ಚಾ ಹೊಲಿಗೆ ಹಾಕಿ ಕೊಕ್ಕೆಗೆ ತೂಗುಬಿಟ್ಟಿದ್ದ ನೀಲಿ ಅಂಗಿಯೂ ಹಾಗೆಯೇ ಇದೆ. ಅದನ್ನು ಹೊಲಿದು ಮುಗಿಸಲು ನಿನಗೂ ಕೈ ಬರಲಿಲ್ಲ, ನನಗೂ ಬರಲಿಲ್ಲ. ನೀನು ತವರಿಗೆ ಹೋದ ಮೇಲೆ ನಿನ್ನ ಯಂತ್ರಕ್ಕೂ ಒಂದು ಬಟ್ಟೆ ಹೊದಿಸಿದ್ದೇನೆ. ಧೂಳು ಕೂರಬಾರದೆಂದು, ಅಷ್ಟೇ.

ಹಲ್ಲು ಮುರಿದದ್ದು ಕಾರ್ಖಾನೆಯ ಕಾವಲುಗಾರನ ಓವರ್‌ಕೋಟಿಗೆ ಗುಂಡಿ ಹಚ್ಚುವಾಗ. ಅದಕ್ಕೆ ಮೇಣ ಸವರಿದ ದಪ್ಪ ದಾರ. ಕಡಿದೆ, ದಾರ ಹಾಗೇ ಇತ್ತು, ಹಲ್ಲು ಟಕ್ಕೆಂದಿತು. ಎರಡು ದಿನ ಲವಂಗ ಒತ್ತಿಕೊಂಡು ಸುಮ್ಮನಿದ್ದೆ. ಆಮೇಲೆ ಕೆನ್ನೆ ಎಷ್ಟು ಊದಿತೆಂದರೆ, ಅಂಗಿ ಕೊಡಲು ಬಂದ ಮೇಷ್ಟ್ರು ನನ್ನನ್ನೇ ನೋಡಿ “ಅಂಗಡಿಯಮ್ಮ ಇಲ್ವಾ?” ಎಂದು ಕೇಳಿದರು. ಕೊನೆಗೆ ಗಡಿಯಾರದವನೇ ತನ್ನ ಅಂಗಡಿಯ ಬಾಗಿಲೆಳೆದು, “ನಿಂತ ಗಡಿಯಾರ ಎಷ್ಟು ಬೇಕಾದ್ರೂ ನೋಡ್ತೀನಿ, ಈ ಮುಖ ಮಾತ್ರ ನೋಡಕ್ಕಾಗಲ್ಲ, ನಡೀರಿ” ಎಂದು ಕರೆದುಕೊಂಡು ಹೋದ.

ಹಲ್ಲಿನ ಡಾಕ್ಟರು ಹೆಚ್ಚುಕಡಿಮೆ ನಿನ್ನ ವಯಸ್ಸಿನ ಹುಡುಗಿ. ಕುರ್ಚಿಯನ್ನು ಹಿಂದಕ್ಕೆ ಮಲಗಿಸಿ, ದೀಪವನ್ನು ಮುಖಕ್ಕೆ ತಿರುಗಿಸಿ, ಪುಟ್ಟ ಕನ್ನಡಿಯಿಟ್ಟು ನೋಡಿ, “ಅಜ್ಜಿ, ನೀವು ಟೈಲರಾ?” ಎಂದಳು. ಹಲ್ಲಿನ ತುದಿಯಲ್ಲಿ ದಾರ ತಿಂದ ಗೀರು ಇದೆಯಂತೆ, ಅಲ್ಲಿಂದಲೇ ಸೀಳಿದೆಯಂತೆ. ಅಜ್ಜಿ ಎಂದದ್ದಕ್ಕೆ ತಿರುಗಿಸಿ ಒಂದು ಮಾತು ಕೊಡುತ್ತಿದ್ದೆ, ಆದರೆ ಅವಳ ಎರಡು ಬೆರಳು ನನ್ನ ಬಾಯಲ್ಲಿದ್ದವು. ಸೂಜಿ ಚುಚ್ಚಿದ ಮೇಲೆ ತುಟಿ ಪಕ್ಕದ ಮನೆಯವರದ್ದಾಯಿತು. ಹಲ್ಲು ಬಂತು, ಬೇರು ಒಳಗೇ ಮುರಿದು ಉಳಿಯಿತು. ವಸಡು ಸೀಳಿ ತೆಗೆಯಬೇಕಾಯಿತು. ನೋವು ಅಷ್ಟೇನೂ ಇರಲಿಲ್ಲ. ಸದ್ದು ಇತ್ತು ನೋಡು, ಗಟ್ಟಿ ಬಟ್ಟೆಯನ್ನು ತಲೆಯೊಳಗೇ ಹರಿದಂಥ ಸದ್ದು. ನನ್ನ ಕಣ್ಣಿಂದ ನೀರು ಹರಿದು ಕಿವಿಗೆ ಇಳಿಯಿತು. “ನೋಯ್ತಿದೆಯಾ ಅಜ್ಜಿ? ಇನ್ನೊಂದು ಸ್ವಲ್ಪ ಔಷಧಿ ಹಾಕ್ಲಾ?” ಎಂದಳು. ಬೇಡವೆಂದು ಕೈಯಾಡಿಸಿದೆ. ನನ್ನ ಮಗ ಹೋದಂದಿನಿಂದ ನಾನು ನಿನ್ನ ಮುಂದೆ ಅತ್ತವಳಲ್ಲ, ನಾನು ಕೂತುಬಿಟ್ಟರೆ ನೀನು ಏಳುವುದಿಲ್ಲವೆಂದು. ಆ ಕುರ್ಚಿಯಲ್ಲಿ ಅತ್ತರೆ ಯಾಕೆ ಅಳುತ್ತೀರಿ ಎಂದು ಯಾರೂ ಕೇಳುವುದಿಲ್ಲ ಮಗಳೇ. ಎಲ್ಲರೂ ಹಲ್ಲಿನ ಲೆಕ್ಕಕ್ಕೇ ಹಾಕುತ್ತಾರೆ. ಚೆನ್ನಾಗಿ ಅತ್ತೆ.

ಕಪ್ಪು ದಾರದಲ್ಲಿ ಒಂದು ಹೊಲಿಗೆ ಹಾಕಿ, ಹತ್ತಿ ಕಚ್ಚಿಸಿ, ಹಲ್ಲನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟಳು. ಬಿಸಿ ಕುಡಿಯಬೇಡಿ, ಉಗುಳಬೇಡಿ, ನಾಲಿಗೆಯಿಂದ ಆ ಜಾಗ ಮುಟ್ಟಬೇಡಿ ಎಂದಳು. ಬಿಸಿ ಬಿಡಬಹುದು, ನಾಲಿಗೆಗೆ ಹೇಳುವವರು ಯಾರು? ಬಾಯಲ್ಲಿ ಅಷ್ಟು ಹಲ್ಲು ಇನ್ನೂ ಇವೆ, ಅವುಗಳ ಕಡೆ ತಿರುಗಿಯೂ ನೋಡದೆ ಇಲ್ಲದ ಕಡೆಗೇ ಹೋಗುತ್ತದೆ. ಊಟಕ್ಕೆ ಕರೆದು ಮೂರು ತಟ್ಟೆ ಹಾಕಿ, ಆಮೇಲೆ ಒಂದನ್ನು ಮೆಲ್ಲಗೆ ಎತ್ತಿಡುತ್ತಿದ್ದೆಯಲ್ಲ ನೀನು, ಹಾಗೆ.

ಇನ್ನು ನನ್ನ ಘನಕಾರ್ಯ ಕೇಳು. ಮಾರನೆಯ ಬೆಳಗ್ಗೆ ಅಳತೆ ಕನ್ನಡಿಯ ಮುಂದೆ ತುಟಿ ಎತ್ತಿ ನೋಡುತ್ತೇನೆ, ಆ ಹೊಲಿಗೆಯ ಗಂಟಿಗೆ ಎರಡು ಕಡೆಯೂ ಉದ್ದುದ್ದ ಬಾಲ! ಗಂಟು ಹಾಕಿ ಬಾಲ ಬಿಡುವ ಅಭ್ಯಾಸವನ್ನು ನೀನು ಬಂದ ತಿಂಗಳಲ್ಲೇ ನಾನು ನಿನಗೆ ಬಿಡಿಸಿದ್ದೆ. ಓದಿದ ಹುಡುಗಿ ಇಷ್ಟು ಒರಟಾಗಿ ಬಿಟ್ಟಿದ್ದಾಳಲ್ಲ ಎಂದು ಅನ್ನಿಸಿತು. ನನ್ನ ಬಾಯೊಳಗೇ ಹೊರಬಂದ ದಾರ ಇಟ್ಟುಕೊಂಡು ನಾನು ಹೇಗೆ ಕೆಲಸಕ್ಕೆ ಕೂರಲಿ? ಗುಂಡಿಯ ತೂತು ಕತ್ತರಿಸುವ ಕಾಜಾ ಕತ್ತರಿಯನ್ನು ಬಿಸಿನೀರಲ್ಲಿ ತೊಳೆದು, ಬಾಲವನ್ನು ಗಂಟಿನ ಬುಡಕ್ಕೇ ಕತ್ತರಿಸಿದೆ. ಏನು ಅಂದವಾಗಿ ಕೂತಿತು ಗೊತ್ತಾ! ಆಮೇಲೆ ಒಂದು ಲೋಟ ತಣ್ಣನೆ ಹಾಲು ಕುಡಿಯುವಷ್ಟರಲ್ಲಿ ಗಂಟು ಜಾರಿ, ಹೊಲಿಗೆ ಬಿಚ್ಚಿ, ಹಾಲೆಲ್ಲ ಕೆಂಪಾಯಿತು. ಗಡಿಯಾರದವನು ಮತ್ತೆ ಬಾಗಿಲೆಳೆದ. ದಾರಿಯುದ್ದಕ್ಕೂ ಬೈದ.

ಡಾಕ್ಟರು ಹುಡುಗಿ ಸೊಂಟದ ಮೇಲೆ ಕೈಯಿಟ್ಟು, “ಅಜ್ಜಿ, ನಾನು ನಿಮ್ಮಂಗಡಿಗೆ ಬಂದು ಕಾಲರ್ ಬಿಚ್ತೀನಾ? ಇಲ್ಲ ತಾನೆ? ಮತ್ತೆ ನನ್ನ ಕೆಲಸಕ್ಕೆ ಯಾಕೆ ಕೈ ಹಾಕ್ತೀರಾ?” ಎಂದಳು. ನನಗೆ ಇಷ್ಟವಾದಳು. ಬಾಲ ಬಿಟ್ಟದ್ದು ಬೇಕೆಂದೇ ಅಂತೆ, ಆಮೇಲೆ ಹಿಡಿದು ಎಳೆಯಲು. “ಇದು ಇರೋದಕ್ಕೆ ಅಂತ ಹಾಕಿದ ಹೊಲಿಗೆ ಅಲ್ಲ ಅಜ್ಜಿ. ಕೂಡಿಕೊಳ್ಳೋವರೆಗೂ ಹಿಡಿದಿರುತ್ತೆ, ಆಮೇಲೆ ನಾನೇ ಬಿಚ್ತೀನಿ. ಹಾಗೇ ಬಿಟ್ರೆ ಇದೇ ಕೀವಾಗಿಸುತ್ತೆ.” ಅಂಥ ಹೊಲಿಗೆ ನಮ್ಮಲ್ಲೂ ಇದೆ, ಕಚ್ಚಾ ಹೊಲಿಗೆ ಎನ್ನುತ್ತೇವೆ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಹೊಸ ಹೊಲಿಗೆ ಬಿದ್ದು, ಬಾಯಿಗೆ ಹೊಸ ಹತ್ತಿಯೂ ಬಿತ್ತು. ಸಂಜೆಯವರೆಗೆ ತುಟಿ ಬಿಚ್ಚುವಂತಿಲ್ಲ ಎಂದು ಕಟ್ಟಪ್ಪಣೆಯಾಯಿತು.

ಹೀಗೆ ಬಾಯಿಗೆ ಬೀಗ ಹಾಕಿಸಿಕೊಂಡು, ಕೆನ್ನೆಗೆ ಟವೆಲು ಸುತ್ತಿಕೊಂಡು ಬಂದರೆ ಅಂಗಡಿಯ ಬೆಂಚಿನ ಮೇಲೆ ನಿನ್ನ ಅಣ್ಣ ಕೂತಿದ್ದ. ಬಂದಿದ್ದೆನೆಂದು ನಿನಗೆ ಹೇಳಿದನೋ ಇಲ್ಲವೋ. ಹೇಳಿರದಿದ್ದರೆ ಅವನನ್ನು ಬೈಯಬೇಡ. ಎದುರಿನವರು ಮಾತಾಡಲಾರರು ಎಂದಾದರೆ ಜನ ಎಷ್ಟು ಮಾತಾಡುತ್ತಾರೆ! ನಿನ್ನನ್ನು ಮದುವೆಗೆ ಕೇಳಿರುವ ಆ ಬಸ್ ಓಡಿಸುವವನ ವಿಷಯವನ್ನೆಲ್ಲ ಹೇಳಿದ. “ಹೆಂಡ್ತಿ ತೀರಿಕೊಂಡಿದ್ದಾಳಮ್ಮಾ, ಒಂದು ಹೆಣ್ಣು ಮಗು ಇದೆ. ಮಗು ತಲೆ ಅವನೇ ಬಾಚ್ತಾನೆ, ಒಂದು ಜಡೆ ಇಲ್ಲಿ, ಇನ್ನೊಂದು ಅಲ್ಲಿ. ಆ ಮಗುಗೆ ಮುಂದಿನ ಹಲ್ಲು ಬಿದ್ದಿದೆ, ಮಾತಾಡಿದ್ರೆ ಬರೀ ಗಾಳಿ. ಅದನ್ನ ನೋಡಿ ನನ್ನ ತಂಗಿ ನಕ್ಕುಬಿಟ್ಟಳು ಕಣಮ್ಮಾ. ಎಷ್ಟು ಕಾಲ ಆಗಿತ್ತು ಅವಳು ನಕ್ಕು!” ಎಂದ. ಆಮೇಲೆ ಅಳತೆಯ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದು, “ಆದ್ರೆ ಹೂಂ ಅನ್ನಲ್ಲ. ಅತ್ತೆ ಒಬ್ರೇ ಆಗ್ತಾರೆ ಅಂತಾಳೆ. ಏನು ಹೇಳಿದ್ರೂ, ಅತ್ತೆ ಬಾಯಿಬಿಟ್ಟು ಹೇಳ್ಲಿ, ಬೇರೆ ಯಾರ ಮಾತೂ ಬೇಡ ಅಂತಾಳೆ” ಎಂದ.

ಆ ಬಾಯಲ್ಲಿ ಹತ್ತಿ ತುಂಬಿತ್ತು. “ನೀವು ತಲೆ ಆಡಿಸಿದ್ರೂ ಸಾಕು, ಹೋಗಿ ಹೇಳ್ತೀನಿ” ಎಂದವನು ತಾನೇ, “ಬೇಡ, ಅವಳು ನಂಬಲ್ಲ, ನಾನೇ ಕಟ್ಟಿ ಹೇಳ್ತಿದ್ದೀನಿ ಅಂತಾಳೆ” ಎಂದ. ನಾನು ತಲೆಯನ್ನು ಆ ಕಡೆಗೂ ಆಡಿಸಲಿಲ್ಲ, ಈ ಕಡೆಗೂ ಆಡಿಸಲಿಲ್ಲ. ಏನು ಮಾಡುವುದೆಂದು ತಿಳಿಯದೆ ಅವನು ಸುತ್ತ ನೋಡಿ, ಕೊಕ್ಕೆಯ ಮೇಲಿನ ನೀಲಿ ಅಂಗಿಯನ್ನು ಕಂಡು, “ಇದು ಯಾರದಮ್ಮಾ? ಇನ್ನೂ ತಗೊಂಡು ಹೋಗಿಲ್ವಾ?” ಎಂದು ಕೇಳಿದ. ಬಾಗಿಲಲ್ಲಿ ನಿಂತಿದ್ದ ಗಡಿಯಾರದವನು ಮೆಲ್ಲಗೆ, “ಅದನ್ನ ಬಿಡಪ್ಪಾ” ಎಂದ. ನಿನ್ನ ಅಣ್ಣನಿಗೆ ಅರ್ಥವಾಯಿತು. ಪಾಪ, ಬಾಗಿ ನನ್ನ ಕಾಲು ಮುಟ್ಟಲು ಬಂದ. ನಾನು ಅವನ ತಲೆಯ ಮೇಲೆ ಕೈಯಿಟ್ಟೆ, ಅಷ್ಟೇ. ಹತ್ತಿ ಇಲ್ಲದಿದ್ದರೂ ಆ ಹೊತ್ತಿಗೆ ನನ್ನಿಂದ ಮಾತು ಹೊರಡುತ್ತಿರಲಿಲ್ಲ, ನಿಜ ಹೇಳುತ್ತೇನೆ.

ಆಮೇಲಿನ ದಿನಗಳೆಲ್ಲ ತಿಳಿ ಗಂಜಿಯಲ್ಲೂ ಉಪ್ಪುನೀರಿನಲ್ಲೂ ಕಳೆದವು. ಕೆನ್ನೆ ನೇರಳೆಯಾಯಿತು, ಹಸಿರಾಯಿತು, ಹಳದಿಗೆ ಇಳಿಯಿತು. ನಮ್ಮಂಗಡಿಯ ದಾರದ ಪೆಟ್ಟಿಗೆಯಂತೆ. ಮೆತ್ತಗಿನದ್ದನ್ನು ತಿನ್ನಲು ಅಭ್ಯಾಸವಾಯಿತು, ಒಬ್ಬಳೇ ತಿನ್ನುವುದಕ್ಕೆ ಇನ್ನೂ ಆಗಿಲ್ಲ, ಆಗುತ್ತದೆ ಎನ್ನುತ್ತಾರೆ. ದಾರ ಸಿಕ್ಕಿದಾಗೆಲ್ಲ ಬಾಯಿಗೆ ಒಯ್ದು, ಅಲ್ಲಿ ಏನೂ ಇಲ್ಲದೆ ವಾಪಸು ತರುತ್ತಿದ್ದೆ. ನೋಡಿ ನೋಡಿ ಗಡಿಯಾರದವನು ಒಂದು ಪುಟ್ಟ ಕತ್ತರಿಗೆ ಲಾಡಿ ಪೋಣಿಸಿ ನನ್ನ ಕೊರಳಿಗೆ ಹಾಕಿದ. ಈಗ ನಿನ್ನ ಕತ್ತರಿಗೆ ಬೇಜಾರಿಲ್ಲ. ಹಲ್ಲನ್ನು ಗುಂಡಿ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಅದರ ಗೀರಿನಲ್ಲಿ ನೀನು ಈ ಮನೆಗೆ ಬಂದ ದಿನ ಉಟ್ಟಿದ್ದ ಬಟ್ಟೆಯ ದಾರವೂ ಹಾದಿದೆ, ನನ್ನ ಮಗನ ಶಾಲೆಯ ಅಂಗಿಗಳ ದಾರವೂ ಹಾದಿದೆ. ನಿನ್ನೆ ಹೋಗಿ ಹೊಲಿಗೆ ಬಿಚ್ಚಿಸಿಕೊಂಡು ಬಂದೆ. ಬಾಲ ಹಿಡಿದಳು, ಚುಟುಕ್ಕೆಂದು ಕತ್ತರಿಸಿ ಎಳೆದಳು. ಚುರುಕ್ಕೆಂದಿತು, ಬಂತು. “ನೋಡಿ ಅಜ್ಜಿ, ಚೆನ್ನಾಗಿ ಕೂಡಿದೆ” ಎಂದಳು. ಗುಳಿ ತುಂಬಲು ಇನ್ನೂ ಸಮಯ ಬೇಕಂತೆ, ತಳದಿಂದ ಸ್ವಲ್ಪ ಸ್ವಲ್ಪವೇ ತುಂಬಿ ಬರುತ್ತದಂತೆ.

ನಿನ್ನ ಅಮ್ಮನಿಗೂ ಅಣ್ಣನಿಗೂ ನನ್ನ ನೆನಪು ತಿಳಿಸು. ಗಡಿಯಾರದವನು ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ, ಬರೆದಿದ್ದೇನೆ. ನಿನ್ನ ಬೆರಳಿಗೆ ಸೂಜಿ ತಾಗದಿರಲಿ, ನಿನ್ನ ಬೆನ್ನು ಬಾಗದಿರಲಿ, ನಿನ್ನ ಹಲ್ಲುಗಳು ಕೊನೆಯವರೆಗೆ ಬಾಯಲ್ಲೇ ಇರಲಿ. ದಾರಕ್ಕೆ ಕತ್ತರಿ ಹಾಕು.

ಇಂತಿ,
ನಿನ್ನ ಅತ್ತೆ

ಮತ್ತೆ: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ, ಅಂಚೆಯವನು ಬರುವ ಹೊತ್ತಾಯಿತು, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಬಾಯಿಬಿಟ್ಟು ಹೇಳಲಿ ಎಂದೆಯಂತಲ್ಲ, ಹೇಳುತ್ತಿದ್ದೇನೆ. ಹೂಂ ಅನ್ನು ಮಗಳೇ. ನಾನು ಒಬ್ಬಳೇ ಆಗುತ್ತೇನೆ, ಅದು ನಿಜ, ಅದಕ್ಕೆಂದು ನೀನು ನಿಲ್ಲಬೇಡ. ನೀಲಿ ಅಂಗಿಯನ್ನು ಇಂದು ಬೆಳಗ್ಗೆ ಕೊಕ್ಕೆಯಿಂದ ಇಳಿಸಿ ಅವನ ಕಚ್ಚಾ ಹೊಲಿಗೆಯನ್ನು ಬಿಚ್ಚಿದೆ. ಒಂದೊಂದೇ ದಾರ ಎಳೆದೆ, ಬಟ್ಟೆಗೆ ಏನೂ ಆಗಲಿಲ್ಲ. ಬೆನ್ನಿನ ಭಾಗದಲ್ಲಿ ಮಗುವಿಗೆ ಒಂದು ಫ್ರಾಕು ಸಲೀಸಾಗಿ ಬರುತ್ತದೆ, ತೋಳುಗಳಲ್ಲಿ ಎರಡು ಜೇಬು. ಮಗುವಿನ ಅಳತೆ ಕಳಿಸು, ಉದ್ದ ಸ್ವಲ್ಪ ಹೆಚ್ಚೇ ಹಿಡಿ, ಬೆಳೆಯುವ ಮಗು. ಅವಳಿಗೆ ಹೇಳು, ಹೊಲಿಯುವ ಅಜ್ಜಿಗೂ ಮುಂದಿನ ಹಲ್ಲಿಲ್ಲ, ಮಾತಾಡಿದರೆ ಬರೀ ಗಾಳಿ ಎಂದು. ಅವಳದ್ದಾದರೂ ಮತ್ತೆ ಬರುತ್ತದೆ.