ಕೆಂಪು ಗೆರೆ ಬಿದ್ದ ಉತ್ತರ

ಸವದತ್ತಿ
14 ಡಿಸೆಂಬರ್ 2024

ಪ್ರೀತಿಯ ಜುಬೇದಾಬಿ ಅಕ್ಕೋರಿಗೆ ನಿಮ್ಮ ಮಂಜುಳಾಳ ನಮಸ್ಕಾರಗಳು.

ಫೋನಿನಲ್ಲಿ ಮಾತು ಈಗ ಸರಿಯಾಗಿ ಕೇಳಿಸುವುದಿಲ್ಲ ಎಂದಿದ್ದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ತಿಂಗಳು ಬೈಲಹೊಂಗಲದ ನಿಮ್ಮ ಮನೆಗೆ ಬಂದಾಗ, ಐದನೆಯ ತರಗತಿಯ ಮಕ್ಕಳಿಗೆ ಕಥೆಯ ಆಶಯ ಕಲಿಸುವುದು ನನ್ನಿಂದ ಆಗುತ್ತಿಲ್ಲ ಎಂದಷ್ಟೇ ಹೇಳಿದ್ದೆ. ನಡೆದದ್ದನ್ನು ಹೇಳಿರಲಿಲ್ಲ.

ಪಾಠದ ಕಥೆ ಚಿಕ್ಕದು. ಡೇರಿಗೆ ಹಾಲು ಒಯ್ಯುವ ಹುಡುಗಿ ಓಡುವ ಭರದಲ್ಲಿ ತಂಬಿಗೆಯ ಹಾಲು ಚೆಲ್ಲುತ್ತಾಳೆ. ಕರು ಒದೆಯಿತು ಎಂದು ತಾಯಿಗೆ ಸುಳ್ಳು ಹೇಳುತ್ತಾಳೆ. ತಾಯಿ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಕಂಡಿರುತ್ತಾಳೆ. ಆದರೂ ಏನೂ ಅನ್ನದೆ, ಮರುದಿನ ಅವಳ ಕೈಗೇ ಮತ್ತೆ ಹಾಲು ಕೊಡುತ್ತಾಳೆ.

ನಾನು ಎಂದಿನಂತೆ 'ಸುಳ್ಳು ಹೇಳಬಾರದು' ಎಂದು ಬೋರ್ಡಿನ ಮೇಲೆ ಬರೆದೆ. ಮಕ್ಕಳು ಬರೆದುಕೊಂಡರು. ಒಬ್ಬ ಹುಡುಗಿ ಮಾತ್ರ ಪರೀಕ್ಷೆಯಲ್ಲಿ 'ತಾಯಿ ಮಗಳನ್ನು ಮತ್ತೆ ನಂಬಿದಳು' ಎಂದು ಬರೆದಳು. ನಾನು ಕೆಂಪು ಗೆರೆ ಎಳೆದು, ಎಲ್ಲರೆದುರು ಓದಿ, "ಹೇಳಿದ್ದ ಬಿಟ್ಟು ಶಾಣ್ಯಾತನ ಮಾಡಬ್ಯಾಡ" ಎಂದೆ. ಮಕ್ಕಳು ನಕ್ಕರು. ಅಂದಿನಿಂದ ಅವಳು ತರಗತಿಯಲ್ಲಿ ಕೈ ಎತ್ತುವುದನ್ನೇ ಬಿಟ್ಟಳು.

ಅಂದು ನಿಮ್ಮ ಮನೆಯಲ್ಲಿ ನೀವು ಚಹಾ ಸೋಸುತ್ತ ಅಂದಿರಿ: "ನೀತಿ ಏನು ಅಂತ ಯಾಕ ಕೇಳ್ತಿ? ಕಥಿಯೊಳಗ ಯಾರು ಬದಲಾದ್ರು, ಯಾವ ಮಾತಿನಿಂದ ಹಂಗ ಅನಿಸ್ತು, ಅದನ್ನ ಕೇಳವಾ. ಆಮ್ಯಾಲ ಬಾಯಿ ಮುಚ್ಕೊಂಡು ಕುಂದ್ರು."

ಹಾಗೇ ಮಾಡಿದೆ, ಅಕ್ಕೋರೆ. ಮೊದಲು ಎಲ್ಲರೆದುರೇ, ಆ ಉತ್ತರ ತಪ್ಪಲ್ಲ, ತಪ್ಪು ನನ್ನದು ಎಂದೆ. ಆಮೇಲೆ ನಿಮ್ಮ ಪ್ರಶ್ನೆ ಕೇಳಿ ಕುಳಿತೆ. ಮೊದಲ ದಿನ ಮಕ್ಕಳು ಉತ್ತರಕ್ಕಾಗಿ ಬೋರ್ಡನ್ನೇ ನೋಡಿದರು. ಎರಡನೆಯ ದಿನ ಫರ್ದೀನ ಎದ್ದ: "ಮರುದಿನ ಅಕಿ ಓಡಲಿಲ್ಲರಿ ಟೀಚರ್, ಸಾವಕಾಶ ನಡದಳು ಅಂತ ಐತ್ರಿ."

"ಆದ್ರ ಸುಳ್ಳು ಹಂಗ ಉಳೀತಲ್ಲೋ!" ಎಂದು ರಾಮವ್ವ ಜಗಳಕ್ಕೇ ನಿಂತಳು.

ಆಗ ಆ ಹುಡುಗಿ ಕೈ ಎತ್ತಿದಳು: "ಅವ್ವ ಬೈದಿದ್ರ ಅಕಿ ಇನ್ನೊಂದು ಸುಳ್ಳು ಹೇಳತಿದ್ಲರಿ."

ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಹನ್ನೆರಡು ವರ್ಷದ ನೌಕರಿಯಲ್ಲಿ ಮಕ್ಕಳ ಮಾತನ್ನು ನಾನು ಇಷ್ಟು ಖುಷಿಯಿಂದ ಕೇಳಿದ್ದಿಲ್ಲ. ಆ ಖುಷಿ ನೀವು ಕೊಟ್ಟದ್ದು.

ಇಂದಿಗೂ ನಿಮ್ಮ ವಿದ್ಯಾರ್ಥಿನಿ,
ಮಂಜುಳಾ

ತಾ.ಕ.: ಆ ಹುಡುಗಿಯ ಹೆಸರು ಬರೆಯಲು ನಾಚಿಕೆಯಾಗಿತ್ತು. ಅವಳು ನನ್ನ ಮಗಳು ಶೀತಲ್. ಟೀಚರ್ ಮಗಳ ಉತ್ತರ ತಪ್ಪಾಗಬಾರದೆಂಬ ಹಟ ನನ್ನದು. ನಾನು ಗೆರೆ ಎಳೆದ ದಿನದಿಂದ ಅವಳು ಮನೆಯಲ್ಲಿಯೂ ನನ್ನನ್ನು 'ಟೀಚರ್' ಎಂದೇ ಕರೆಯುತ್ತಿದ್ದಳು. ನಿನ್ನೆ ರೊಟ್ಟಿ ಬಡಿಯುತ್ತಿದ್ದಾಗ ಹಿಂದೆ ಬಂದು ನಿಂತು, "ಅವ್ವಾ, ನಂಗೊಂದು ಬಿಸಿ ರೊಟ್ಟಿ ಕೊಡ" ಎಂದಳು.